ಬೆರಳಚ್ಚಿನಿಂದ ಕೃತಕ ಬುದ್ಧಿಯವರೆಗೆ: ಮೊದಲ ಮೆಟ್ಟಿಲಿನ ಪ್ರಶ್ನೆ



ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಹಳಬರಿಗೆ ಒಂದು ಸದ್ದು ಇನ್ನೂ ಕಿವಿಯಲ್ಲಿರಬಹುದು. ಬೆಳಿಗ್ಗೆ ಆರು ಗಂಟೆಗೆಲ್ಲ ಯಾವುದೋ ಕಟ್ಟಡದ ಮಹಡಿಯಲ್ಲಿ ಹತ್ತಿಪ್ಪತ್ತು ಬೆರಳಚ್ಚು ಯಂತ್ರಗಳು ಒಟ್ಟಿಗೆ ಬಡಿದುಕೊಳ್ಳುವ ಸದ್ದು ಅದು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ ಹುಡುಗ ಹುಡುಗಿಯರನ್ನು ರಜೆಯಲ್ಲಿ ಸುಮ್ಮನೆ ಕೂರಲು ಬಿಡದೆ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸುವುದು ಮಧ್ಯಮ ವರ್ಗದ ಮನೆಗಳ ವಾಡಿಕೆಯಾಗಿತ್ತು. ‘ಎ ಎಸ್ ಡಿ ಎಫ್’ನಿಂದ ಶುರುವಾದ ಪಾಠ ಜೂನಿಯರ್, ಸೀನಿಯರ್ ಪರೀಕ್ಷೆಗಳವರೆಗೆ ಸಾಗುತ್ತಿತ್ತು. ಆ ಪರೀಕ್ಷೆಗಳನ್ನು ನಡೆಸುತ್ತಿದ್ದ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯ ಕಚೇರಿಯೂ ಮಲ್ಲೇಶ್ವರದ್ದೇ.

ಆ ಸರ್ಟಿಫಿಕೇಟು ಕೈಗೆ ಬಂದರೆ ಕಚೇರಿಯ ಬಾಗಿಲು ತೆರೆಯುತ್ತಿತ್ತು. ಒಳಗೆ ಕಾಲಿಟ್ಟವರಿಗೆ ಕಾನೂನು ಗೊತ್ತಿರುತ್ತಿರಲಿಲ್ಲ, ಲೆಕ್ಕಪತ್ರ ಗೊತ್ತಿರುತ್ತಿರಲಿಲ್ಲ. ಆದರೆ ದಿನವಿಡೀ ಪತ್ರಗಳನ್ನು ಟೈಪು ಮಾಡುತ್ತ ಮಾಡುತ್ತ, ಯಾವ ಪತ್ರಕ್ಕೆ ಯಾವ ಉತ್ತರ, ಯಾವ ಕಡತ ಯಾರ ಮೇಜಿಗೆ, ಮೇಲಧಿಕಾರಿ ಎಲ್ಲಿ ತಿದ್ದುತ್ತಾರೆ, ಏಕೆ ತಿದ್ದುತ್ತಾರೆ ಎಂಬುದೆಲ್ಲ ತಾನಾಗಿ ತಲೆಗೆ ಇಳಿಯುತ್ತಿತ್ತು. ಕೆಲವು ವರ್ಷಗಳಲ್ಲಿ ಅದೇ ಟೈಪಿಸ್ಟು ಗುಮಾಸ್ತರಾಗುತ್ತಿದ್ದರು, ಮುಂದೆ ಸೂಪರಿಂಟೆಂಡೆಂಟರೂ ಆಗುತ್ತಿದ್ದರು. ನಕಲು ತೆಗೆಯುವ ಕೆಲಸವೇ ಅವರಿಗೆ ಪಾಠಶಾಲೆಯಾಗಿತ್ತು.

ಬೆರಳಚ್ಚು ಯಂತ್ರದ ಕಾಲ ಮುಗಿದಿದೆ. ಗೋದ್ರೆಜ್ ಕಂಪನಿ 2009ರಲ್ಲಿ ಅದರ ತಯಾರಿಕೆಯನ್ನೇ ನಿಲ್ಲಿಸಿತು. ಪತ್ರ ಬರೆಯುವ ಕೆಲಸಕ್ಕೆ ಈಗ ಬಂದಿರುವುದು ಬೇರೆ ಬಗೆಯ ಯಂತ್ರ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರ ಬಳಕೆಗೆ ಬಂದ ಮೇಲೆ, ಕರಡು ಬರೆಯುವುದು, ಸಾರಾಂಶ ತೆಗೆಯುವುದು, ಅನುವಾದ ಮಾಡುವುದು, ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದು, ಗ್ರಾಹಕರ ಪ್ರಶ್ನೆಗೆ ಉತ್ತರಿಸುವುದು, ಇವೆಲ್ಲ ಕ್ಷಣಗಳ ಕೆಲಸವಾಗಿವೆ. ‘ಇದರಿಂದ ಎಷ್ಟು ಕೆಲಸ ಹೋಗುತ್ತದೆ?’ ಎಂಬುದು ಎಲ್ಲರೂ ಕೇಳುತ್ತಿರುವ ಪ್ರಶ್ನೆ. ಅದಕ್ಕಿಂತ ಕಡಿಮೆ ಕೇಳಿಬರುವ, ಆದರೆ ಅಷ್ಟೇ ಗಂಭೀರವಾದ ಪ್ರಶ್ನೆ ಇನ್ನೊಂದಿದೆ. ಯಂತ್ರ ಹೊತ್ತುಕೊಂಡು ಹೋಗುತ್ತಿರುವುದು ಹೊಸಬರು ಕೆಲಸ ಕಲಿಯುತ್ತಿದ್ದ ಮೊದಲ ಮೆಟ್ಟಿಲನ್ನೇ? ಹಾಗಾದರೆ ಮೇಲಿನ ಮೆಟ್ಟಿಲಿಗೆ ನಾಳೆ ಯಾರು ಬರುತ್ತಾರೆ?

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಹಳೆಯ ಬೆಂಗಳೂರಿನ ಈ ಬಡಾವಣೆಗಳು ಇಂಥ ಬದಲಾವಣೆಯನ್ನು ಹಿಂದೆಯೂ ಕಂಡಿವೆ.

ಮೊಳೆ ಜೋಡಿಸಿದ ಕೈಗಳು

1892ರಲ್ಲಿ ರೂಪುಗೊಂಡ ಚಾಮರಾಜಪೇಟೆ ಅಕ್ಷರದ ಪೇಟೆಯೂ ಹೌದು. ಕನ್ನಡ ಸಾಹಿತ್ಯ ಪರಿಷತ್ತು ಇರುವುದು ಇಲ್ಲಿ. ಇಲ್ಲಿಯೂ ಸುತ್ತಲಿನ ಪೇಟೆಗಳಲ್ಲಿಯೂ ಅಚ್ಚುಕೂಟಗಳು ದಶಕಗಳ ಕಾಲ ನಡೆದವು. ಕನ್ನಡದ ಅಚ್ಚುಮೊಳೆಯ ಕೆಲಸ ಇಂಗ್ಲಿಷಿನಷ್ಟು ಸರಳವಲ್ಲ. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ನೂರಾರು ಬಗೆಯ ಮೊಳೆಗಳು ಬೇಕು. ಯಾವುದು ಯಾವ ಖಾನೆಯಲ್ಲಿದೆ ಎಂಬುದು ಕಂಪಾಸಿಟರನ ಬೆರಳಿಗೆ ಗೊತ್ತಿರಬೇಕು. ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಓದಬೇಕು.

ಹೊಸದಾಗಿ ಸೇರಿದ ಹುಡುಗನ ಕೈಗೆ ಲೇಖಕರ ಹಸ್ತಪ್ರತಿ ಸಿಗುತ್ತಿರಲಿಲ್ಲ. ಅಚ್ಚಾಗಿ ಮುಗಿದ ಪುಟವನ್ನು ಬಿಚ್ಚಿ, ಒಂದೊಂದೇ ಮೊಳೆಯನ್ನು ಅದರದರ ಖಾನೆಗೆ ಹಾಕುವುದು ಅವನ ಪಾಲಿನ ಕೆಲಸ. ಬೇಸರ ತರಿಸುವ ಕೆಲಸವೇ ಸರಿ. ಆದರೆ ತಿಂಗಳುಗಟ್ಟಲೆ ಅದನ್ನು ಮಾಡಿದವನಿಗೆ ಖಾನೆಗಳ ನಕ್ಷೆ ಬಾಯಿಪಾಠವಾಗುತ್ತಿತ್ತು. ಅಲ್ಲಿಂದ ಅವನು ಮೊಳೆ ಜೋಡಿಸುವುದಕ್ಕೆ ಬಡ್ತಿ ಪಡೆಯುತ್ತಿದ್ದ. ಭಾಷೆಯ ಸೂಕ್ಷ್ಮ ಹಿಡಿದವನು ಕರಡು ತಿದ್ದುವ ಮೇಜಿಗೂ ಹೋಗಬಹುದಿತ್ತು.

ಕಂಪ್ಯೂಟರು ಬಂದು ಈ ಏಣಿಯನ್ನು ಬದಲಿಸಿತು. ಕನ್ನಡವನ್ನು ಕಂಪ್ಯೂಟರಿಗೆ ಒಗ್ಗಿಸಿದವರಲ್ಲಿ ಮೊದಲಿಗರಾದ ಕೆ.ಪಿ. ರಾವ್ ಧ್ವನಿಗೆ ಹೊಂದುವ ಕೀಲಿಮಣೆ ವಿನ್ಯಾಸವನ್ನು ಕೊಟ್ಟರು. ಚಾಮರಾಜಪೇಟೆಯಿಂದಲೇ ಕೆಲಸ ಮಾಡಿದ ಕನ್ನಡ ಗಣಕ ಪರಿಷತ್ತು ‘ನುಡಿ’ ತಂತ್ರಾಂಶವನ್ನು ಹೊರತಂದಿತು. ಇವುಗಳಿಂದ ಕನ್ನಡಕ್ಕಾದ ಲಾಭ ದೊಡ್ಡದು. ಪುಸ್ತಕ, ಪತ್ರಿಕೆ, ಮದುವೆಯ ಕರೆಯೋಲೆ ಎಲ್ಲವೂ ಬೇಗ ಅಚ್ಚಾಗತೊಡಗಿದವು.

ಕೆಲಸಗಾರರಿಗೆ ಏನಾಯಿತು? ಕೆಲವು ಕಂಪಾಸಿಟರುಗಳು ಡಿ.ಟಿ.ಪಿ. ಕಲಿತು ಪರದೆಯ ಮುಂದೆ ಕುಳಿತರು. ವಯಸ್ಸಾದವರು ಮನೆಗೆ ಹೋದರು. ಇದು ಎದ್ದು ಕಾಣುವ ನಷ್ಟ. ಎದ್ದು ಕಾಣದ ಇನ್ನೊಂದು ಬದಲಾವಣೆಯೂ ಆಯಿತು. ಮೊದಲು ಮೂರು ಜನರ ಕಣ್ಣು ದಾಟಿ ಅಚ್ಚಾಗುತ್ತಿದ್ದ ಪುಟ ಒಬ್ಬರೇ ಟೈಪು ಮಾಡಿ, ಒಬ್ಬರೇ ತಿದ್ದಿ, ಒಬ್ಬರೇ ಪುಟ ಕಟ್ಟುವಂತಾಯಿತು. ಕರಡು ತಿದ್ದುವವರ ಹುದ್ದೆ ಅನೇಕ ಕಡೆ ಸದ್ದಿಲ್ಲದೆ ಮಾಯವಾಯಿತು. ಕಣ್ಣುಗಳು ಕಡಿಮೆಯಾದಾಗ ಕಾಗುಣಿತದ ತಪ್ಪುಗಳು ಉಳಿದುಕೊಂಡರೆ ಆಶ್ಚರ್ಯವೇನು? ಯಂತ್ರ ತೆಗೆದದ್ದು ಮೊಳೆ ಜೋಡಿಸುವ ಕೆಲಸವನ್ನು. ಆ ಉಳಿತಾಯದ ಜೊತೆಗೆ ಪರೀಕ್ಷಿಸುವ ಕಣ್ಣನ್ನೂ ತೆಗೆದುಹಾಕಿದ್ದು ಸಂಸ್ಥೆಗಳ ತೀರ್ಮಾನ. ಈ ಎರಡನ್ನು ಬೇರೆ ಬೇರೆಯಾಗಿ ನೋಡುವುದು ಇಂದಿಗೂ ಅಗತ್ಯ.

ಬ್ಯಾಂಕಿನ ಲೆಡ್ಜರು ಹೇಳುವ ಪಾಠ

ಎರಡನೆಯ ಉದಾಹರಣೆ ಬ್ಯಾಂಕು. ಬೆಂಗಳೂರು ಮೊದಲಿನಿಂದಲೂ ಬ್ಯಾಂಕುಗಳ ಊರು. 1913ರಲ್ಲಿ ಬ್ಯಾಂಕ್ ಆಫ್ ಮೈಸೂರು ಇಲ್ಲಿಯೇ ಹುಟ್ಟಿತು. ಕೆನರಾ ಬ್ಯಾಂಕಿನ ಪ್ರಧಾನ ಕಚೇರಿ ಜೆ.ಸಿ. ರಸ್ತೆಯಲ್ಲಿದೆ. ರಾಜ್ಯ ಸಹಕಾರ ಅಪೆಕ್ಸ್ ಬ್ಯಾಂಕು ಚಾಮರಾಜಪೇಟೆಯಲ್ಲಿದೆ. ಒಂದು ಕಾಲಕ್ಕೆ ಈ ಬಡಾವಣೆಗಳ ಬೀದಿ ಬೀದಿಯಲ್ಲೂ ಬ್ಯಾಂಕ್ ನೌಕರರ ಮನೆಗಳಿದ್ದವು.

ಆಗಿನ ಹೊಸ ಗುಮಾಸ್ತನಿಗೆ ಸಿಗುತ್ತಿದ್ದುದು ಲೆಡ್ಜರು. ದಪ್ಪ ರಟ್ಟಿನ ಆ ಪುಸ್ತಕದಲ್ಲಿ ಜಮಾ, ಖರ್ಚು ಬರೆಯಬೇಕು. ಸಂಜೆ ಮೊತ್ತ ತಾಳೆಯಾಗಬೇಕು. ಐದು ಪೈಸೆ ಹೆಚ್ಚು ಕಡಿಮೆಯಾದರೂ ತಪ್ಪು ಸಿಗುವವರೆಗೆ ಮನೆಗೆ ಹೊರಡುವಂತಿಲ್ಲ. ಜೂನ್, ಡಿಸೆಂಬರ್ ತಿಂಗಳು ಬಂತೆಂದರೆ ಅರ್ಧವಾರ್ಷಿಕ ಬಡ್ಡಿ ಲೆಕ್ಕ ಹಾಕಲು ರಾತ್ರಿಯವರೆಗೂ ಕೂರಬೇಕಾಗಿತ್ತು. ಐದು ಪೈಸೆ ಎಲ್ಲಿ ಹೋಯಿತೆಂದು ಹುಡುಕಿದ ಗುಮಾಸ್ತನಿಗೆ ಮುಂದೆ ಮ್ಯಾನೇಜರನಾದಾಗ ಐದು ಲಕ್ಷ ಎಲ್ಲಿ ಹೋಗುತ್ತಿದೆ ಎಂದು ಗುರುತಿಸುವ ಕಣ್ಣು ಬಂದಿರುತ್ತಿತ್ತು.

ಬ್ಯಾಂಕಿಗೆ ಕಂಪ್ಯೂಟರು ಬಂದ ರೀತಿ ಗಮನಿಸುವಂಥದು. ನೌಕರ ಸಂಘಗಳು ಅದನ್ನು ಮೊದಲು ಬಲವಾಗಿ ವಿರೋಧಿಸಿದವು. 1983ರಲ್ಲಿ ಭಾರತೀಯ ಬ್ಯಾಂಕುಗಳ ಸಂಘಕ್ಕೂ ನೌಕರ ಸಂಘಗಳಿಗೂ ಒಪ್ಪಂದವಾಯಿತು. ಯಂತ್ರಗಳು ಎಲ್ಲಿ, ಎಷ್ಟು ಬರಬೇಕು, ಅವುಗಳ ಮೇಲೆ ಕೆಲಸ ಮಾಡುವವರಿಗೆ ಯಾವ ಭತ್ಯೆ ಎಂಬುದೆಲ್ಲ ಮಾತುಕತೆಯ ಮೂಲಕ ತೀರ್ಮಾನವಾಯಿತು. ಯಂತ್ರದ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯಬಾರದೆಂಬ ಭರವಸೆಯೂ ಸಿಕ್ಕಿತು. 1993ರ ಒಪ್ಪಂದ ಕಂಪ್ಯೂಟರೀಕರಣಕ್ಕೆ ಇನ್ನಷ್ಟು ದಾರಿ ಬಿಟ್ಟಿತು.

ಫಲ ಏನಾಯಿತು? ಕೆಲಸದಿಂದ ಬಲವಂತವಾಗಿ ತೆಗೆಯಲಿಲ್ಲ ಎಂಬುದು ನಿಜ. ಆದರೆ 2000-01ರ ಸ್ವಯಂನಿವೃತ್ತಿ ಯೋಜನೆಯಲ್ಲಿ ದೇಶದ ಸರ್ಕಾರಿ ಬ್ಯಾಂಕುಗಳಿಂದ ಸುಮಾರು 1 ಲಕ್ಷ ಮಂದಿ ಹೊರಬಂದರು ಎಂಬುದೂ ನಿಜ. ಇನ್ನೊಂದು ಕಡೆ, ಬ್ಯಾಂಕುಗಳಿಗೆ ತಂತ್ರಾಂಶ ಬರೆಯುವುದೇ ಬೆಂಗಳೂರಿನ ಒಂದು ಉದ್ಯಮವಾಯಿತು. 1983ರಲ್ಲಿ ಬೆಂಗಳೂರಿಗೆ ಬಂದ ಇನ್ಫೋಸಿಸ್‌ನ ‘ಫಿನಾಕಲ್’ ತಂತ್ರಾಂಶ ಅನೇಕ ದೇಶಗಳ ಬ್ಯಾಂಕುಗಳನ್ನು ಸೇರಿತು. ತಂದೆ ಬಸವನಗುಡಿಯಿಂದ ಬ್ಯಾಂಕಿಗೆ ಹೋಗಿ ಲೆಡ್ಜರು ಬರೆದ, ಮಗಳು ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಆ ಲೆಡ್ಜರನ್ನು ಕಂಪ್ಯೂಟರಿಗೆ ಇಳಿಸಿದಳು ಎನ್ನಬಹುದಾದ ಮನೆಗಳು ಈ ಊರಿನಲ್ಲಿ ಕಡಿಮೆಯಿಲ್ಲ.

ಅಮೆರಿಕದಲ್ಲಿಯೂ ಹೀಗೊಂದು ಅನಿರೀಕ್ಷಿತ ನಡೆಯಿತು. ಎ.ಟಿ.ಎಂ. ಬಂದಾಗ ಕೌಂಟರಿನ ಕ್ಯಾಷಿಯರುಗಳ ಕಾಲ ಮುಗಿಯಿತೆಂದೇ ಭಾವಿಸಲಾಗಿತ್ತು. ಅರ್ಥಶಾಸ್ತ್ರಜ್ಞ ಜೇಮ್ಸ್ ಬೆಸನ್ ತೋರಿಸಿಕೊಟ್ಟಂತೆ, 1988ರಿಂದ 2004ರ ನಡುವೆ ಅಲ್ಲಿನ ನಗರ ಶಾಖೆಯೊಂದರ ಕ್ಯಾಷಿಯರುಗಳ ಸಂಖ್ಯೆ ಸರಾಸರಿ 20ರಿಂದ 13ಕ್ಕೆ ಇಳಿಯಿತು. ಆದರೆ ಶಾಖೆ ನಡೆಸುವ ಖರ್ಚು ಇಳಿದದ್ದರಿಂದ ಶಾಖೆಗಳ ಸಂಖ್ಯೆಯೇ ಶೇ 40ಕ್ಕಿಂತ ಹೆಚ್ಚು ಬೆಳೆಯಿತು. ಒಟ್ಟಾರೆ ಕ್ಯಾಷಿಯರುಗಳು ಕಡಿಮೆಯಾಗಲಿಲ್ಲ. ಹಣ ಎಣಿಸುವುದರಿಂದ ಗ್ರಾಹಕರೊಡನೆ ವ್ಯವಹರಿಸುವ ಕಡೆಗೆ ಅವರ ಕೆಲಸ ಬದಲಾಯಿತು.

ಗಿರಣಿಯ ಮೋಟಾರು

ಯಂತ್ರ ಕೊಂಡ ಮಾತ್ರಕ್ಕೆ ಸಂಸ್ಥೆ ಬದಲಾಗುವುದಿಲ್ಲ ಎಂಬುದಕ್ಕೆ ವಿದ್ಯುತ್ತಿನ ಚರಿತ್ರೆಯೇ ಸಾಕ್ಷಿ. ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಮಲ್ಲೇಶ್ವರದ ರಾಜಾ ಮಿಲ್ಲು, ಚಾಮರಾಜಪೇಟೆಗೆ ಹತ್ತಿರದ ಬಿನ್ನಿ ಮಿಲ್ಲು ಉಗಿಯ ಕಾಲದಲ್ಲಿ ಹುಟ್ಟಿದ ಗಿರಣಿಗಳು. ಉಗಿಯ ಕಾರ್ಖಾನೆಯಲ್ಲಿ ಒಂದು ದೊಡ್ಡ ಎಂಜಿನ್ನು, ಅದರಿಂದ ತಿರುಗುವ ಉದ್ದನೆಯ ದಂಡ, ದಂಡದಿಂದ ಪ್ರತಿ ಯಂತ್ರಕ್ಕೂ ಪಟ್ಟಿ, ಇದು ಎಲ್ಲ ಕಡೆಯ ವ್ಯವಸ್ಥೆ.

ಅಮೆರಿಕದ ಕಾರ್ಖಾನೆಗಳು ವಿದ್ಯುತ್ತು ಬಂದಾಗ ಮೊದಲು ಮಾಡಿದ್ದು ಇಷ್ಟೇ: ಉಗಿಯ ಎಂಜಿನ್ನು ತೆಗೆದು ಅದೇ ಜಾಗದಲ್ಲಿ ಒಂದು ದೊಡ್ಡ ಮೋಟಾರು ಇಟ್ಟವು. ಲಾಭ ಅಷ್ಟಕ್ಕಷ್ಟೆ. 1900ರ ಸುಮಾರಿಗೆ ಅಲ್ಲಿನ ಕಾರ್ಖಾನೆಗಳ ಚಾಲಕಶಕ್ತಿಯಲ್ಲಿ ವಿದ್ಯುತ್ ಮೋಟಾರಿನ ಪಾಲು ಸುಮಾರು ಶೇ 5. ಅದು ಅರ್ಧ ದಾಟಲು ಇನ್ನೂ 20 ವರ್ಷ ಹಿಡಿಯಿತು. ಪ್ರತಿ ಯಂತ್ರಕ್ಕೂ ತನ್ನದೇ ಸಣ್ಣ ಮೋಟಾರು ಕೊಟ್ಟು, ಕಟ್ಟಡದ ನಕ್ಷೆ ಬದಲಿಸಿ, ಕೆಲಸ ಸಾಗುವ ಕ್ರಮವನ್ನೇ ಹೊಸದಾಗಿ ಹೊಂದಿಸಿದ ಮೇಲೆ ಉತ್ಪಾದನೆ ಏರಿತು. ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ 1990ರಲ್ಲಿ ಕಂಪ್ಯೂಟರನ್ನು ಈ ಮೋಟಾರಿಗೆ ಹೋಲಿಸಿದ್ದರು.

ಇಂದಿನ ಅನೇಕ ಕಚೇರಿಗಳೂ ಎಂಜಿನ್ನಿನ ಜಾಗದಲ್ಲಿ ಮೋಟಾರು ಇಟ್ಟ ಹಂತದಲ್ಲಿವೆ. ಅದೇ ವರದಿ, ಅದೇ ಸಭೆ, ಅದೇ ಪತ್ರ. ಬರೆಯುವುದು ಮಾತ್ರ ಬೇಗ. ಒಬ್ಬರು ಯಂತ್ರದಿಂದ ಹತ್ತು ಪುಟ ಬರೆಸುತ್ತಾರೆ, ಓದಬೇಕಾದವರು ಯಂತ್ರದಿಂದಲೇ ಅದರ ಸಾರಾಂಶ ತೆಗೆಸುತ್ತಾರೆ. ನಿಜವಾದ ಬದಲಾವಣೆ ಇನ್ನು ಮುಂದೆ ಬರಬೇಕಾಗಿದೆ. ಕಟ್ಟಡದ ನಕ್ಷೆಯನ್ನು ಯಾರು, ಯಾರ ಹಿತಕ್ಕಾಗಿ ಬದಲಿಸುತ್ತಾರೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಹಿಂದಿನ ಯಂತ್ರಕ್ಕೂ ಇದಕ್ಕೂ ವ್ಯತ್ಯಾಸ

ಹಾಗಾದರೆ ಇದೂ ಹಳೆಯ ಕಥೆಯೇ, ಹೆದರಬೇಕಿಲ್ಲ ಎನ್ನಬಹುದೇ? ಪೂರ್ತಿ ಹಾಗಲ್ಲ. ಲೆಡ್ಜರಿನ ಕಂಪ್ಯೂಟರು ಹೇಳಿಕೊಟ್ಟ ನಿಯಮದಂತೆ ಲೆಕ್ಕ ಹಾಕುತ್ತಿತ್ತು. ಈಗಿನ ಯಂತ್ರ ನಿಯಮ ಕೇಳುವುದಿಲ್ಲ, ಉದಾಹರಣೆಗಳಿಂದ ಕಲಿಯುತ್ತದೆ.

‘ಕೈ ಕೆಸರಾದರೆ ಬಾಯಿ...’ ಎಂದು ನಿಲ್ಲಿಸಿದರೆ ಈ ಸಭೆಯಲ್ಲಿರುವ ಎಲ್ಲರ ಮನಸ್ಸಿನಲ್ಲೂ ‘ಮೊಸರು’ ಎಂಬ ಪದ ಸುಳಿಯುತ್ತದೆ. ಯಂತ್ರವೂ ಇದನ್ನೇ ಮಾಡುತ್ತದೆ. ಕೋಟ್ಯಂತರ ಪುಟಗಳನ್ನು ಜಾಲಾಡಿ, ಯಾವ ಪದದ ನಂತರ ಯಾವ ಪದ ಬರುವ ಸಾಧ್ಯತೆ ಹೆಚ್ಚು ಎಂಬುದನ್ನು ಲೆಕ್ಕ ಹಾಕಿ, ಒಂದೊಂದೇ ತುಣುಕನ್ನು ಜೋಡಿಸಿ ವಾಕ್ಯ ಕಟ್ಟುತ್ತದೆ. 2017ರಲ್ಲಿ ಗೂಗಲ್ ಸಂಶೋಧಕರು ರೂಪಿಸಿದ ‘ಟ್ರಾನ್ಸ್‌ಫಾರ್ಮರ್’ ಎಂಬ ವಿಧಾನದಿಂದ ಈ ಲೆಕ್ಕಾಚಾರ ಬಹಳ ಬಲಿಷ್ಠವಾಯಿತು. ಹೀಗೆ ಕಟ್ಟಿದ ವಾಕ್ಯ ಬಹುಪಾಲು ಸರಿಯಾಗಿರುತ್ತದೆ. ತಪ್ಪಾದಾಗಲೂ ಅಷ್ಟೇ ಧೈರ್ಯದ ಧಾಟಿಯಲ್ಲಿರುತ್ತದೆ.

ಇದು ಕಲಿಯುವುದು ಜನರ ಕೆಲಸದಿಂದಲೇ ಎಂಬುದನ್ನು ಮರೆಯಬಾರದು. ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಮೊದಲ ಸಂಪುಟ ಬಂದದ್ದು 1970ರಲ್ಲಿ. ಎಂಟನೆಯದು ಹಾಗೂ ಕೊನೆಯದು ಬಂದದ್ದು 1995ರಲ್ಲಿ. ಪದ ಪದಕ್ಕೂ ಪ್ರಯೋಗ ಹುಡುಕಿ ಚೀಟಿ ಬರೆದ ವಿದ್ವಾಂಸರ ದಶಕಗಳ ಶ್ರಮ ಅದು. ಮಲ್ಲೇಶ್ವರಕ್ಕೆ ಹೊಂದಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆಗೂಡಿ 2022ರಲ್ಲಿ ಪ್ರಕಟಿಸಿದ ‘ವಾಣಿ’ ಯೋಜನೆ ದೇಶದ 773 ಜಿಲ್ಲೆಗಳ ಆಡುಮಾತನ್ನು ಸಂಗ್ರಹಿಸುವ ಗುರಿ ಇಟ್ಟುಕೊಂಡಿತು. ಬೆಂಗಳೂರಿನ ‘ಕಾರ್ಯ’ ಸಂಸ್ಥೆ ಹಳ್ಳಿಗಳ ಜನರಿಂದ ಮೊಬೈಲಿನಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿ ದಾಖಲಿಸಿಕೊಂಡು, ಗಂಟೆಗೆ ಸುಮಾರು 5 ಡಾಲರ್ ಸಂಭಾವನೆ ಕೊಟ್ಟದ್ದು 2023ರಲ್ಲಿ ಜಗತ್ತಿನ ಗಮನ ಸೆಳೆಯಿತು. ಏಕೆಂದರೆ ಈ ಉದ್ಯಮದಲ್ಲಿ ಅಂಥ ಸಂಭಾವನೆ ಅಪರೂಪ.

ಪಿರಮಿಡ್ಡಿನ ತಳ

ಜನರಿಂದ ಕಲಿತ ಯಂತ್ರ ಕಚೇರಿಯೊಳಗೆ ಏನು ಮಾಡುತ್ತದೆ? ಗ್ರಾಹಕರಿಗೆ ನೆರವು ನೀಡುವ 5 ಸಾವಿರಕ್ಕೂ ಹೆಚ್ಚು ಸಿಬ್ಬಂದಿಯ ಮೇಲೆ ನಡೆದ, 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಕುತೂಹಲಕರವಾಗಿದೆ. ಯಂತ್ರದ ಸಲಹೆ ಪಡೆದವರ ಕೆಲಸದ ವೇಗ ಸರಾಸರಿ ಶೇ 14ರಷ್ಟು ಹೆಚ್ಚಿತು. ಹೊಸಬರಲ್ಲಿ ಶೇ 34ರಷ್ಟು! ಪಳಗಿದವರಲ್ಲಿ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ. ಪಳಗಿದವರ ಸಂಭಾಷಣೆಗಳಿಂದ ಯಂತ್ರ ಕಲಿತದ್ದನ್ನು ಹೊಸಬರ ಕಿವಿಯಲ್ಲಿ ಹೇಳಿತು ಎಂಬುದು ಇದರ ಅರ್ಥ.

ಹಾಗಾದರೆ ಇದು ಹೊಸಬರ ಮಿತ್ರನೇ? ಆಗಬಹುದು, ಹೊಸಬರನ್ನು ಕೆಲಸಕ್ಕೆ ತೆಗೆದುಕೊಂಡರೆ. 2025ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ಸಂಬಳಪಟ್ಟಿಗಳನ್ನು ಪರಿಶೀಲಿಸಿದರು. ಕೃತಕ ಬುದ್ಧಿಗೆ ಹೆಚ್ಚು ಒಡ್ಡಿಕೊಂಡ ವೃತ್ತಿಗಳಲ್ಲಿ 22ರಿಂದ 25 ವರ್ಷದವರ ಉದ್ಯೋಗ ಇತರರಿಗೆ ಹೋಲಿಸಿದರೆ ಶೇ 13ರಷ್ಟು ಕುಸಿದಿತ್ತು. ಅದೇ ವೃತ್ತಿಗಳ ಅನುಭವಿಗಳಿಗೆ ಅಂಥ ಹೊಡೆತ ಬಿದ್ದಿರಲಿಲ್ಲ. ಇದಕ್ಕೆ ಬೇರೆ ಆರ್ಥಿಕ ಕಾರಣಗಳೂ ಇವೆ ಎಂದು ವಾದಿಸುವವರಿದ್ದಾರೆ. ಆದರೂ ಹೊಡೆತ ಯಾವ ಮೆಟ್ಟಿಲಿಗೆ ಎಂಬುದು ಗಮನಾರ್ಹ.

ಬೆಂಗಳೂರಿಗೆ ಇದು ಹೊರಗಿನ ಸುದ್ದಿಯಲ್ಲ. ಇಲ್ಲಿನ ತಂತ್ರಾಂಶ ಕಂಪನಿಗಳು ಪಿರಮಿಡ್ಡಿನಂತೆ ಕಟ್ಟಿದವು. ತಳದಲ್ಲಿ ಕಾಲೇಜಿನಿಂದ ಬಂದ ಸಾವಿರಾರು ಹೊಸಬರು, ನಡುವೆ ಅವರನ್ನು ನೋಡಿಕೊಳ್ಳುವವರು, ತುದಿಯಲ್ಲಿ ಕೆಲವರು. ಬಿಲ್ಲು ಹಾಕುತ್ತಿದ್ದುದು ಬಹುಮಟ್ಟಿಗೆ ಎಷ್ಟು ಜನ, ಎಷ್ಟು ಗಂಟೆ ಎಂಬ ಲೆಕ್ಕದಲ್ಲಿ. ಹತ್ತು ಗಂಟೆಯ ಕೆಲಸ ನಾಲ್ಕು ಗಂಟೆಗೆ ಮುಗಿದರೆ ಬಿಲ್ಲು ಯಾವುದಕ್ಕೆ? ಈ ಪ್ರಶ್ನೆ ವ್ಯವಹಾರದ ಬುಡವನ್ನೇ ಅಲುಗಿಸುತ್ತದೆ. ಇನ್ಫೋಸಿಸ್ 2022-23ರಲ್ಲಿ 50 ಸಾವಿರಕ್ಕೂ ಹೆಚ್ಚು ಹೊಸಬರನ್ನು ಸೇರಿಸಿಕೊಂಡಿತ್ತು. 2023-24ರಲ್ಲಿ ಆ ಸಂಖ್ಯೆ 11,900. ವಿದೇಶದ ಬೇಡಿಕೆ ತಗ್ಗಿದ್ದು ಇದಕ್ಕೆ ಮುಖ್ಯ ಕಾರಣವಾದ್ದರಿಂದ ಎಲ್ಲವನ್ನೂ ಯಂತ್ರದ ಲೆಕ್ಕಕ್ಕೆ ಬರೆಯಲಾಗದು. 2025ರ ಜುಲೈನಲ್ಲಿ ಟಿ.ಸಿ.ಎಸ್. 12 ಸಾವಿರಕ್ಕೂ ಹೆಚ್ಚು ಹುದ್ದೆ ಕಡಿತವನ್ನು ಪ್ರಕಟಿಸಿದಾಗ ಅದು ಮುಖ್ಯವಾಗಿ ತಟ್ಟಿದ್ದು ಮಧ್ಯದ ಹಾಗೂ ಮೇಲಿನ ಹಂತದವರನ್ನು. ಪಿರಮಿಡ್ಡಿನ ತಳ ಕಿರಿದಾದರೆ ಅದನ್ನು ನೋಡಿಕೊಳ್ಳುತ್ತಿದ್ದ ನಡುಭಾಗವೂ ಉಳಿಯುವುದಿಲ್ಲ.

ಸಹಿ ಯಾರದು?

ಯಂತ್ರ ಎಷ್ಟೇ ಬರೆದರೂ ಸಹಿ ಹಾಕುವವರು ಮನುಷ್ಯರೇ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಸೃಷ್ಟಿಸಿದ, ಎಲ್ಲಿಯೂ ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿ 5 ಸಾವಿರ ಡಾಲರ್ ದಂಡ ತೆತ್ತರು. 2024ರಲ್ಲಿ ಏರ್ ಕೆನಡಾ ವಿಮಾನಸಂಸ್ಥೆ, ತನ್ನ ಜಾಲತಾಣದ ಯಂತ್ರ ಪ್ರಯಾಣಿಕರೊಬ್ಬರಿಗೆ ಕೊಟ್ಟ ತಪ್ಪು ಮಾಹಿತಿಗೆ ತಾನು ಹೊಣೆಯಲ್ಲ ಎಂದು ವಾದಿಸಿ ಸೋತಿತು. ಬೆಂಗಳೂರಿನಲ್ಲೂ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಪೀಠ 2024ರ ಡಿಸೆಂಬರಿನಲ್ಲಿ ನೀಡಿದ ಆದೇಶವೊಂದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ಕಾಣಿಸಿಕೊಂಡವು. ಆದೇಶವನ್ನು ಹಿಂಪಡೆಯಬೇಕಾಯಿತು. ಅವು ಹೇಗೆ ನುಸುಳಿದವು ಎಂಬುದು ಏನೇ ಇರಲಿ, ಮೂಲ ತೆಗೆದು ನೋಡುವ ಒಂದು ಕಣ್ಣು ಇದ್ದಿದ್ದರೆ ಅಲ್ಲಿಯೇ ಸಿಕ್ಕಿಬೀಳುತ್ತಿದ್ದವು.

ಆ ಕಣ್ಣು ಹೇಗೆ ಬರುತ್ತದೆ? ಗ್ರಂಥಾಲಯದಲ್ಲಿ ಕುಳಿತು ತೀರ್ಪುಗಳನ್ನು ಹುಡುಕಿದ ಕಿರಿಯ ವಕೀಲನಿಗೆ ಬರುತ್ತದೆ. ಲೆಡ್ಜರಿನಲ್ಲಿ ಐದು ಪೈಸೆ ಹುಡುಕಿದವನಿಗೆ ಬರುತ್ತದೆ. ಮೊಳೆಗಳನ್ನು ಖಾನೆಗೆ ಹಾಕಿದವನಿಗೆ ಬರುತ್ತದೆ. ಯಂತ್ರದ ಬರಹವನ್ನು ತಿದ್ದಬಲ್ಲವರು ಇವತ್ತು ಇದ್ದಾರೆ, ಏಕೆಂದರೆ ಅವರು ಯಂತ್ರವಿಲ್ಲದೆ ಕಲಿತವರು. ಅವರು ನಿವೃತ್ತರಾದ ಮೇಲೆ ತಿದ್ದುವವರು ಯಾರು? ಹೊಸಬರನ್ನು ತೆಗೆದುಕೊಳ್ಳದೆ ಇವತ್ತು ಉಳಿಸಿದ ಸಂಬಳ ಹತ್ತು ವರ್ಷದ ನಂತರ ಪಾವತಿಸಬೇಕಾದ ಸಾಲ.

ಮಾಡಬಹುದಾದದ್ದು ಇದೆ. ಮೊದಲನೆಯದಾಗಿ, ಹೊಸಬರು ಯಂತ್ರದ ಕರಡನ್ನು ನೋಡುವ ಮೊದಲು ತಾವೇ ಒಂದು ಕರಡು ಬರೆಯುವ ಪದ್ಧತಿಯನ್ನು ಸಂಸ್ಥೆಗಳು ಇಟ್ಟುಕೊಳ್ಳಬಹುದು. ಎರಡನ್ನೂ ಪಕ್ಕದಲ್ಲಿಟ್ಟು ಹಿರಿಯರು ತಿದ್ದಿದರೆ ಯಂತ್ರವೇ ಪಾಠದ ಸಾಧನವಾಗುತ್ತದೆ. ಎರಡನೆಯದಾಗಿ, ಉಳಿದ ಸಮಯದ ಲಾಭದಲ್ಲಿ ಒಂದು ಭಾಗವನ್ನು ಪರೀಕ್ಷಿಸುವ ಕಣ್ಣಿಗೆ ಮೀಸಲಿಡಬೇಕು. ಅಚ್ಚುಕೂಟಗಳು ಮಾಡದೇ ಹೋದದ್ದು ಇದನ್ನೇ. ಮೂರನೆಯದಾಗಿ, ಬ್ಯಾಂಕುಗಳು 1983ರಲ್ಲಿ ಮಾಡಿದಂತೆ ಯಂತ್ರ ಹೇಗೆ ಬರಬೇಕೆಂಬುದನ್ನು ಕೆಲಸ ಮಾಡುವವರೊಡನೆ ಕುಳಿತು ತೀರ್ಮಾನಿಸಬೇಕು. ಆ ಒಪ್ಪಂದ ಎಲ್ಲರನ್ನೂ ಉಳಿಸಲಿಲ್ಲ, ಆದರೆ ಹೊಂದಿಕೊಳ್ಳಲು ಒಂದು ತಲೆಮಾರಿಗೆ ಸಮಯ ಕೊಟ್ಟಿತು.

ಕಾನೂನಿನ ಆಸರೆಯೂ ಇಲ್ಲದಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ದೇಶದಲ್ಲಿ ಜಾರಿಯಲ್ಲಿದೆ. 30 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳು ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಮಂದಿಯನ್ನು ಕಲಿಕೆಗೆ ತೆಗೆದುಕೊಳ್ಳಬೇಕೆಂಬ ನಿಯಮವಿದೆ. ಕಾರ್ಖಾನೆಯ ಫಿಟ್ಟರು, ಟರ್ನರುಗಳ ಜೊತೆಯಲ್ಲಿ ನೆನಪಾಗುವ ಈ ಕಾಯ್ದೆ ಕಚೇರಿಯ ಮೇಜಿಗೂ ಮನಃಪೂರ್ವಕವಾಗಿ ಬಂದರೆ, ಮೊದಲ ಮೆಟ್ಟಿಲನ್ನು ಹೊಸದಾಗಿ ಕಟ್ಟಲು ಅದೊಂದು ಅಡಿಪಾಯವಾಗಬಲ್ಲದು.

ಟೈಪಿಂಗ್ ಇನ್‌ಸ್ಟಿಟ್ಯೂಟು ಮುಚ್ಚಿದ್ದಕ್ಕೆ ಮರುಗಬೇಕಿಲ್ಲ. ಅದು ಸಾಮಾನ್ಯ ಮನೆಯ ಹುಡುಗ ಹುಡುಗಿಗೆ ಕಡಿಮೆ ಖರ್ಚಿನಲ್ಲಿ ಕೆಲಸದ ಲೋಕದ ಬಾಗಿಲನ್ನು ತೆರೆಯುತ್ತಿತ್ತು. ಈ ವರ್ಷ ಪರೀಕ್ಷೆ ಮುಗಿಸಿ ಕುಳಿತಿರುವ ಮಕ್ಕಳಿಗೆ ಅಂಥ ಬಾಗಿಲು ಯಾವುದು ಎಂಬುದನ್ನು ಹೇಳಬೇಕಾದವರು ಯಂತ್ರ ತಯಾರಿಸಿದವರಷ್ಟೇ ಅಲ್ಲ. ಅದನ್ನು ಕೊಂಡು ಕಚೇರಿಯಲ್ಲಿ ಇರಿಸಿಕೊಂಡ ಪ್ರತಿಯೊಬ್ಬರೂ ಉತ್ತರ ಕೊಡಬೇಕು.